ಸಾಲಿ ಕಟ್ಟೆಯ ಪೆಟ್ಟಿಗೆ

ಕರ್ನಾಟಕಕ್ಕೆ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಕಡೆಗೆ. ಹೇಳಿದರೆ ಬೆಂಗಳೂರಿನ ಗೆಳೆಯರು ನಗ್ತಾರೆ. ಆದರೆ ನಿಜ.

1975ರ ಆಗಸ್ಟ್ 1ರಂದು 'ಸೈಟ್' ಎಂಬ ಉಪಗ್ರಹ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪೆಟ್ಟಿಗೆ ಬಂದವು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗಾದ ತಾಲ್ಲೂಕುಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ನಮಗ್ಯಾಕೆ ಮೊದಲು? ನಾವು 'ಹಿಂದುಳಿದವರು'. ಅಷ್ಟೇ ನಮ್ಮ ಅರ್ಹತೆ.

ಅದು ತುರ್ತುಪರಿಸ್ಥಿತಿಯ ಕಾಲ. ಮುಂಜಾನೆ ಸಾಲಿ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. ಅದರಲ್ಲಿ ಅರ್ಧ ತಾಸು ಇಡೀ ದೇಶಕ್ಕೆ ಒಂದೇ ಕಾರ್ಯಕ್ರಮ, ಹಿಂದಿಯಲ್ಲಿ.

ನಮ್ಮ ಮುತ್ಯಾ ಆಗ ಜೀತದ ಹುಡುಗ. ದನ ಕಟ್ಟಿ ಪಕ್ಕದೂರಿಗೆ ನಡೆದು ಹೋಗಿ ನೋಡಿದ್ದನಂತೆ. "ಸಾಲಿ ಕಟ್ಟಿ ಮ್ಯಾಲ ಪೆಟಿಗಿ. ಮುಂದ ಗೌಡ್ರು, ಅವರ ಹಿಂದ ಊರ ಮಂದಿ. ನಾವು ಕೇರಿಯವ್ರು ಬೇವಿನ ಗಿಡದ ಬುಡಕ. ಚಿತ್ರ ಕಾಣ್ತಿತ್ತು, ಮಾತು ಕೇಳ್ತಿದ್ದಿಲ್ಲ. ಕೇಳಿದ್ರೂ ನಮಗ ಬರೋದು ಸಂತಿ ಉರ್ದು, ಅವರ ಹಿಂದಿ ಯಾರಿಗ್ ತಿಳಿಬೇಕು?"

ಸುಮಾರು 36,000 ಕಿಲೋಮೀಟರ್ ಮೇಲಿದ್ದ ಉಪಗ್ರಹ ಆ ಊರನ್ನು ಮುಟ್ಟಿತು. ಬೇವಿನ ಗಿಡದಿಂದ ಕಟ್ಟೆಗೆ ಇದ್ದದ್ದು ಇಪ್ಪತ್ತು ಹೆಜ್ಜೆ. ಅದು ಹಾಗೇ ಉಳಿಯಿತು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿದು ಉಪಗ್ರಹ ವಾಪಸ್ ಹೋಯಿತು. 1977ರಲ್ಲಿ ಗುಲ್ಬರ್ಗಾಕ್ಕೆ ಕೇಂದ್ರ ಬಂತು. 1982ರಲ್ಲಿ ದಿಲ್ಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ, 1987ರಲ್ಲಿ 'ರಾಮಾಯಣ'. ರಾಷ್ಟ್ರ ಅಂದರೆ ಒಂದು ಭಾಷೆ, ಒಂದು ಕತೆ ಎಂದಾಯಿತು. ನಮ್ಮ ಮೊಹರಂ ಪದ, ತತ್ವಪದ, ಹಲಗೆ? ಅವು 'ಜಾನಪದ'ವಾದವು, ರಾಷ್ಟ್ರದ ಸಂಸ್ಕೃತಿ ಆಗಲಿಲ್ಲ.

ಬೇರೆ ದಾರಿ ಇರಲಿಲ್ಲ ಅನ್ನಬೇಡಿ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಅದೇ 1975ರಲ್ಲಿ, ಇಸ್ರೋದವರೇ ಇನ್ನೊಂದು ಕೆಲಸ ಶುರು ಮಾಡಿದರು. ಅಲ್ಲಿ ಹಳ್ಳಿಯ ಜನ ತಮ್ಮ ಕೂಲಿ, ಜಾತಿ, ಶೋಷಣೆಯ ಬಗ್ಗೆ ತಾವೇ ಟಿ.ವಿ.ಯಲ್ಲಿ ಮಾತಾಡಿದರು. ಅದಕ್ಕೆ 1984ರಲ್ಲಿ ಯುನೆಸ್ಕೋ ಪ್ರಶಸ್ತಿಯೂ ಬಂತು. ಅಂದರೆ ಪೆಟ್ಟಿಗೆಗೆ ಕಿವಿ ಇಡಲು ಬರುತ್ತಿತ್ತು. ನಮ್ಮ ಕಡೆ ಬಂದದ್ದಕ್ಕೆ ಬರೀ ಬಾಯಿ.

ಟಿ.ವಿ.ಯ ಚರಿತ್ರೆ ಬರೆಯುವವರು ಪೆಟ್ಟಿಗೆಗಳನ್ನು ಎಣಿಸುತ್ತಾರೆ. ಎಣಿಸಲಿ. ನಾವು ಕೇಳಬೇಕಾದದ್ದು ಎರಡೇ ಮಾತು: ಅದರ ಒಳಗೆ ಯಾರು ಮಾತಾಡಿದರು? ಅದರ ಮುಂದೆ ಯಾರು ಎಲ್ಲಿ ಕೂತಿದ್ದರು?