ಮಂಜೇಶ್ವರ ಕ್ಷೇತ್ರದ ಶಾಸಕರು

ಮಂಜೇಶ್ವರ ಕೇರಳ ವಿಧಾನಸಭೆಯ ಒಂದನೇ ಸಂಖ್ಯೆಯ ಕ್ಷೇತ್ರ. ರಾಜ್ಯದ ಉತ್ತರ ತುದಿಯಲ್ಲಿ, ದಕ್ಷಿಣ ಕನ್ನಡ ಜಿಲ್ಲೆಗೆ ತಾಗಿಕೊಂಡಿದೆ. ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಪುತ್ತಿಗೆ, ಕುಂಬಳೆ, ಎಣ್ಮಕಜೆ ಎಂಬ ಎಂಟು ಪಂಚಾಯಿತಿಗಳು ಇದರಲ್ಲಿವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎನ್ನುವುದು ಇಲ್ಲಿನ ಹಲವರ ದಿನಚರಿ; ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಮಾತನಾಡುವವರೂ ಇದ್ದಾರೆ. 1957ರಿಂದ ಇಲ್ಲಿ ಆರಿಸಿಬಂದವರ ಪಟ್ಟಿ ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಆದರೆ ಅದರ ಮೊದಲ ಹತ್ತು ವರ್ಷಗಳನ್ನು ಓದುವಾಗ ಎಚ್ಚರ ಬೇಕು.

ಹಿಂದಿನ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಮರುವರ್ಷವೇ ಹೊಸ ರಾಜ್ಯದ ಮೊದಲ ಚುನಾವಣೆ ನಡೆಯಿತು. ಮಂಜೇಶ್ವರದಲ್ಲಿ ಮತದಾನದ ಪ್ರಮೇಯವೇ ಬರಲಿಲ್ಲ, ಪಕ್ಷೇತರರಾದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಕೇರಳ ವಿಧಾನಸಭೆಗೆ ಹೀಗೆ ಪ್ರತಿಸ್ಪರ್ಧಿಯಿಲ್ಲದೆ ಹೋದ ಮೊದಲಿಗರು ಅವರು. ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ ಅಧಿಕಾರಕ್ಕೆ ಬಂದದ್ದೇ ಆ ವರ್ಷದ ದೊಡ್ಡ ಸುದ್ದಿಯಾದ್ದರಿಂದ ಉಮೇಶ ರಾಯರ ಗೆಲುವಿಗೆ ಚರಿತ್ರೆಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಕ್ಕಿಲ್ಲ.

1960ರಲ್ಲಿ ಗೆದ್ದವರು ಕಳ್ಳಿಗೆ ಮಹಾಬಲ ಭಂಡಾರಿ. ಕ್ಷೇತ್ರದ ಚರಿತ್ರೆಯಲ್ಲಿ ಗೊಂದಲ ಹೆಚ್ಚಿರುವುದು ಇವರ ವಿಷಯದಲ್ಲಿ. ಚುನಾವಣಾ ದಾಖಲೆಯ ಪಕ್ಷದ ಅಂಕಣ ಇವರನ್ನು ‘ಪಕ್ಷೇತರ’ ಎನ್ನುತ್ತದೆ. ನಿಯಮದ ಪ್ರಕಾರ ಅದು ಸರಿಯೇ. ಆದರೆ ಅವರು ನಿಂತದ್ದು ಕರ್ನಾಟಕ ಸಮಿತಿಯ ಪರವಾಗಿ. ಕಾಸರಗೋಡು ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಒಂದೇ ಬೇಡಿಕೆಯ ಮೇಲೆ ಕಟ್ಟಿದ ಸಂಘಟನೆ ಅದು. ಮಾನ್ಯತೆ ಪಡೆದ ಪಕ್ಷವಲ್ಲದ್ದರಿಂದ ಅದರ ಹೆಸರು ಅಂಕಣಕ್ಕೆ ಬರಲಿಲ್ಲ. ಹೀಗಾಗಿ ಬರೀ ಅಂಕಿ ಅಂಶ ನೋಡಿ ಬರೆದವರಿಗೆ ಮಂಜೇಶ್ವರ ಪಕ್ಷರಾಜಕಾರಣ ಒಲ್ಲದ ಊರಾಗಿ ಕಾಣುತ್ತದೆ. ವಾಸ್ತವದಲ್ಲಿ ಇಲ್ಲಿನ ಮತದಾರರು ಚುನಾವಣೆಯಿಂದ ಚುನಾವಣೆಗೆ ಗಡಿಯ ಪ್ರಶ್ನೆಯನ್ನೇ ಮತಪೆಟ್ಟಿಗೆಗೆ ಹಾಕುತ್ತಿದ್ದರು. ಇದೇ ಅವಧಿಯಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ದೆಹಲಿಗೆ ಹೋಗುತ್ತಿದ್ದವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಭಂಡಾರಿಯವರು ಎಷ್ಟು ಸಲ ಶಾಸಕರಾಗಿದ್ದರು ಎಂಬುದರ ಲೆಕ್ಕವೂ ಸರಳವಲ್ಲ. 1960, 1965, 1967, ಹೀಗೆ ಮೂರು ಸಲ ಅವರು ಗೆದ್ದರು. ಆದರೆ 1965ರಲ್ಲಿ ಯಾರಿಗೂ ಬಹುಮತ ಬರದೆ, ಸಭೆ ಸೇರುವ ಮೊದಲೇ ವಿಧಾನಸಭೆ ವಿಸರ್ಜನೆಯಾಯಿತು. ಗೆಲುವನ್ನು ಎಣಿಸಿದರೆ ಮೂರು, ಸದನದಲ್ಲಿ ಕುಳಿತದ್ದನ್ನು ಎಣಿಸಿದರೆ ಎರಡು. ಎರಡೂ ಸರಿಯೇ, ಯಾವುದನ್ನು ಎಣಿಸಲಾಗಿದೆ ಎಂದು ಹೇಳದಿರುವುದೇ ತೊಡಕು.

ಈ ಲೇಖನದ ದೃಷ್ಟಿಯಲ್ಲಿ ಕ್ಷೇತ್ರದ ಮುಖ್ಯ ವರ್ಷ 1967. ಮಂಜೇಶ್ವರದಲ್ಲಿ ಭಂಡಾರಿ ಗೆದ್ದ ಆ ಚುನಾವಣೆಯಲ್ಲೇ ಪಕ್ಕದ ಕಾಸರಗೋಡು ಕ್ಷೇತ್ರದಲ್ಲಿ ಯು.ಪಿ. ಕುಣಿಕುಳ್ಳಾಯರು ಗೆದ್ದರು, ದಾಖಲೆಯಲ್ಲಿ ಅವರೂ ಪಕ್ಷೇತರರೇ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ನೇಮಿಸಿತ್ತು. 1967ರ ಆಗಸ್ಟ್‌ನಲ್ಲಿ ವರದಿ ಬಂತು: ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಮೈಸೂರಿಗೆ ಸೇರಬೇಕು. ಮಂಜೇಶ್ವರ ಕ್ಷೇತ್ರ ಇಡಿಯಾಗಿ ಹೊಳೆಯ ಉತ್ತರಕ್ಕಿದೆ. ಕೇರಳ ಇದನ್ನು ಒಪ್ಪಲಿಲ್ಲ. ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರವೂ ಅದೇ ವರದಿಯನ್ನು ತಿರಸ್ಕರಿಸಿತು. ಎರಡು ಗಡಿಗಳು ಒಂದೇ ಕಡತದಲ್ಲಿದ್ದುದರಿಂದ ಒಂದರ ಬಿಕ್ಕಟ್ಟು ಇನ್ನೊಂದಕ್ಕೂ ಅಂಟಿಕೊಂಡಿತು. ವರದಿ ಜಾರಿಗೆ ಬರಲೇ ಇಲ್ಲ. ಕನ್ನಡಿಗರ ಪರವಾಗಿ ವರದಿ ಬಂದಾಗ ಕೇರಳ ಸದನದಲ್ಲಿದ್ದ ಈ ಭಾಗದ ಇಬ್ಬರೂ ಶಾಸಕರ ಕೈಯಲ್ಲಿ ಅದನ್ನು ಜಾರಿಗೊಳಿಸುವ ಅಧಿಕಾರವಿರಲಿಲ್ಲ. ಅದು ಇದ್ದದ್ದು ಸಂಸತ್ತಿಗೆ.

1970ರಲ್ಲಿ ಸಿಪಿಐಯ ಎಂ. ರಾಮಪ್ಪ ಗೆದ್ದರು, 1977ರಲ್ಲಿ ಮತ್ತೊಮ್ಮೆ. ಗಡಿಯ ಪ್ರಶ್ನೆಯ ಜಾಗಕ್ಕೆ ಭೂಮಿಯ ಪ್ರಶ್ನೆ ಬಂದ ಕಾಲ ಇದು ಎನ್ನಬಹುದು: ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ಕೇರಳದ ತಿದ್ದುಪಡಿ ಕಾನೂನು 1970ರ ಜನವರಿ 1ರಿಂದ ಜಾರಿಯಾಗಿತ್ತು. 1980 ಮತ್ತು 1982ರಲ್ಲಿ ಗೆದ್ದ ಎ. ಸುಬ್ಬರಾವ್ ಕೂಡ ಸಿಪಿಐಯವರು, ಇ.ಕೆ. ನಾಯನಾರರ ಮೊದಲ ಮಂತ್ರಿಮಂಡಲದಲ್ಲಿ ನೀರಾವರಿ ಖಾತೆ ನೋಡಿಕೊಂಡರು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ.

1987ರಿಂದ ನಾಲ್ಕು ಸಲ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಗೆದ್ದರು. 2001ರಲ್ಲಿ ಎ.ಕೆ. ಆಂಟನಿ ಸರಕಾರದಲ್ಲಿ ಸ್ಥಳೀಯಾಡಳಿತ ಸಚಿವರಾದರು. ಈ ಅವಧಿಯಲ್ಲಿ ಎರಡನೇ ಸ್ಥಾನ ಬಿಜೆಪಿಯ ಪಾಲಾಗತೊಡಗಿತು, 1991ರಲ್ಲಿ ಕೆ.ಜಿ. ಮಾರಾರ್ ಸುಮಾರು ಒಂದು ಸಾವಿರ ಮತಗಳಿಂದ ಸೋತರು. 2006ರಲ್ಲಿ ಸಿಪಿಐ(ಎಂ)ನ ಸಿ.ಎಚ್. ಕುಂಞಂಬು ಗೆದ್ದಾಗ ಚೆರ್ಕಳಂ ಮೂರನೆಯವರಾದರು.

2011ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಕ್ಷೇತ್ರವನ್ನು ಮರಳಿ ಪಡೆದರು. 2016ರ ಎಣಿಕೆ ಮುಗಿದಾಗ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಅಂತರ 89. ಸತ್ತವರ ಮತ್ತು ವಿದೇಶದಲ್ಲಿದ್ದವರ ಹೆಸರಿನಲ್ಲಿ ಮತ ಬಿದ್ದಿದೆ ಎಂದು ಸುರೇಂದ್ರನ್ ಹೈಕೋರ್ಟಿಗೆ ಹೋದರು. ಸತ್ತವರ ಪಟ್ಟಿಯಲ್ಲಿದ್ದ ಕೆಲವರು ಸಮನ್ಸ್ ತೆಗೆದುಕೊಳ್ಳಲು ಜೀವಂತ ಇದ್ದರೆಂದು ಪತ್ರಿಕೆಗಳು ಬರೆದವು. ಪ್ರಕರಣ ಇತ್ಯರ್ಥವಾಗುವ ಮೊದಲೇ, 2018ರ ಅಕ್ಟೋಬರಿನಲ್ಲಿ ರಜಾಕ್ ತೀರಿಕೊಂಡರು. ಮುಂದಿನ ವರ್ಷ ಅರ್ಜಿ ಹಿಂದೆಗೆಯಲಾಯಿತು. 2019ರ ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಕಮರುದ್ದೀನ್ ಗೆದ್ದರು. ಬಿಜೆಪಿಯಿಂದ ರವೀಶ ತಂತ್ರಿ ಕುಂಟಾರು, ಸಿಪಿಐ(ಎಂ)ನಿಂದ ಶಂಕರ ರೈ ನಿಂತಿದ್ದರು. ಗಡಿಯ ಬೇಡಿಕೆ ತಣ್ಣಗಾದ ಮೇಲೂ ಅಭ್ಯರ್ಥಿ ಆರಿಸುವಾಗ ಪಕ್ಷಗಳು ಇಲ್ಲಿನ ಭಾಷೆಯನ್ನು ಮರೆತಿರಲಿಲ್ಲ.

2021ರಲ್ಲಿ ಸುರೇಂದ್ರನ್ ಮತ್ತೆ ನಿಂತು 745 ಮತಗಳಿಂದ ಸೋತರು. ಗೆದ್ದವರು ಲೀಗಿನ ಎ.ಕೆ.ಎಂ. ಅಶ್ರಫ್. ಮೇ ತಿಂಗಳಲ್ಲಿ ತಿರುವನಂತಪುರದ ಸದನದಲ್ಲಿ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅದು ಹೊಸತೇನಲ್ಲ, 2016ರಲ್ಲಿ ರಜಾಕ್ ಕೂಡ ಹಾಗೆಯೇ ಮಾಡಿದ್ದರು. ಕೇರಳ ಸದನದಲ್ಲಿ ಕನ್ನಡ, ತಮಿಳು ಬಳಸಲು ಅವಕಾಶವಿದೆ. ಅಶ್ರಫ್ ಅವರ ಪ್ರಮಾಣ ತಕರಾರಿಲ್ಲದೆ ಮುಗಿಯಿತು. ಅದೇ ದಿನ ತಮಿಳಿನಲ್ಲಿ ಪ್ರಮಾಣ ಮಾಡಿದ ದೇವಿಕುಳಂ ಶಾಸಕ ಎ. ರಾಜಾ ಮಾತ್ರ ಒಕ್ಕಣೆಯಲ್ಲಿ ಒಂದು ಮಾತು ಬಿಟ್ಟುಹೋದ ಕಾರಣಕ್ಕೆ ಕೆಲವು ದಿನಗಳ ಬಳಿಕ ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು.