ಸೇನಾ ಬಿಡುಗಡೆ ದಾಖಲೆಯ ತಿದ್ದುಪಡಿ (ಅಮೆರಿಕ ಸಂಯುಕ್ತ ಸಂಸ್ಥಾನ)

ಸೇನೆಯಿಂದ ಹೊರಬಂದವರು ತಮ್ಮ ಬಿಡುಗಡೆ ಪತ್ರದಲ್ಲಿ ಸೇರಿಕೊಂಡ ತಪ್ಪನ್ನೋ ಅನ್ಯಾಯವನ್ನೋ ಸರಿಪಡಿಸುವಂತೆ ಸರ್ಕಾರವನ್ನು ಕೇಳಿಕೊಳ್ಳಲು ಅಮೆರಿಕದ ಕಾನೂನಿನಲ್ಲಿರುವ ವ್ಯವಸ್ಥೆ. ಹೆಸರಿನ ಅಕ್ಷರದೋಷ, ಬಿಟ್ಟುಹೋದ ಪದಕ, ತಪ್ಪಾಗಿ ಎಣಿಸಿದ ಸೇವಾವಧಿ ಇವುಗಳಿಂದ ಹಿಡಿದು ಬಿಡುಗಡೆಗೆ ಅಂಟಿದ ಕಳಂಕದ ಷರಾವನ್ನು ತೆಗೆಸುವವರೆಗೆ ಇದರ ವ್ಯಾಪ್ತಿ. ಅರ್ಜಿ ಹಾಕುವ ಹಕ್ಕು ಮಾಜಿ ಸೈನಿಕರಿಗೂ ಅವರು ತೀರಿಕೊಂಡಿದ್ದರೆ ವಾರಸುದಾರರಿಗೂ ಇದೆ. ರುಜುವಾತಿನ ಹೊಣೆ ಮಾತ್ರ ಪೂರ್ತಿ ಅರ್ಜಿದಾರರದು. ದಾಖಲೆ ಸರಿಯಾಗಿದೆ ಎಂದೇ ಅರ್ಜಿಯನ್ನು ಪರಿಶೀಲಿಸುವ ಮಂಡಳಿ ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸಬೇಕಾದವರು ಆ ದಾಖಲೆಯನ್ನು ಬರೆದವರೂ ಅಲ್ಲ, ಕಾಪಾಡಿಕೊಂಡು ಬಂದವರೂ ಅಲ್ಲ. ಹಲವು ಪ್ರಕರಣಗಳು ಒಂದು ತಲೆಮಾರಿಗೂ ಮೀರಿ ಎಳೆದಾಡಲು ಇದು ದೊಡ್ಡ ಕಾರಣ.

ಬಿಡುಗಡೆ ಪತ್ರ

1950ರಿಂದ ಬಳಕೆಯಲ್ಲಿರುವ ಈ ಪತ್ರಕ್ಕೆ ಡಿಡಿ 214 ಎಂದು ಹೆಸರು. ಸೇರಿದ ದಿನ, ಬಿಟ್ಟ ದಿನ, ದರ್ಜೆ, ಮಾಡಿದ ಕೆಲಸ, ಪಡೆದ ಪದಕ ಎಲ್ಲವೂ ಇದರಲ್ಲಿರುತ್ತದೆ. ಈಗಿನ ನಮೂನೆಯಲ್ಲಿ ತಕರಾರು ಹುಟ್ಟುವುದು ಹೆಚ್ಚಾಗಿ ತಳಭಾಗದ ಕೆಲವು ಅಂಕಣಗಳಲ್ಲಿ: 24ರಲ್ಲಿ ಸೇವೆಯ ಸ್ವರೂಪ, 26ರಲ್ಲಿ ಬಿಡುಗಡೆಯ ಸಂಕೇತ, 27ರಲ್ಲಿ ಮತ್ತೆ ಭರ್ತಿ ಮಾಡಿಕೊಳ್ಳಬಹುದೇ ಎಂಬ ಸಂಕೇತ, 28ರಲ್ಲಿ ಬಿಡುಗಡೆಯ ಕಾರಣ. ಪತ್ರದ ಚಿಕ್ಕ ಪ್ರತಿಯಲ್ಲಿ ಈ ಅಂಕಣಗಳು ಇರುವುದಿಲ್ಲ, ಪೂರ್ಣ ಪ್ರತಿಯಲ್ಲಿ ಇರುತ್ತವೆ. ಚಿಕ್ಕದನ್ನಷ್ಟೇ ತೋರಿಸಿದವರ ಮೇಲೆ ಕೆಲಸ ಕೊಡುವವರಿಗೆ ಅನುಮಾನ ಬರುವುದು ಸಹಜ. ಹೀಗಾಗಿ ಮುಚ್ಚಿಡಲು ಸಿಕ್ಕ ಈ ಅವಕಾಶದಿಂದ ಸಿಗುವ ರಕ್ಷಣೆ ಅಷ್ಟಕ್ಕಷ್ಟೆ. 1974ರವರೆಗೆ ಬಿಡುಗಡೆಯ ಕಾರಣವನ್ನು ಸೂಚಿಸುವ ಸಂಕೇತಸಂಖ್ಯೆಯನ್ನು ಪತ್ರದಲ್ಲೇ ಮುದ್ರಿಸುತ್ತಿದ್ದರು. ಅದರ ಅರ್ಥಗಳ ಪಟ್ಟಿ ಉದ್ಯೋಗದಾತರ ಕೈಸೇರಿದ್ದು ಬಯಲಾದ ಮೇಲೆ ಆ ಪದ್ಧತಿಯನ್ನು ನಿಲ್ಲಿಸಲಾಯಿತು.

ಸೇವೆಯ ಸ್ವರೂಪದಲ್ಲಿ ಮುಖ್ಯವಾಗಿ ಐದು ಬಗೆ. ಗೌರವಯುತ, ಗೌರವದ ಸ್ಥಿತಿಯಲ್ಲೇ ಕೊಡುವ ‘ಸಾಮಾನ್ಯ’, ಗೌರವೇತರ ಎಂಬ ಮೂರನ್ನು ಆಡಳಿತಾತ್ಮಕವಾಗಿ ಕೊಡಬಹುದು. ದುರ್ನಡತೆಯ ಬಿಡುಗಡೆ ಮತ್ತು ಅಗೌರವದ ಬಿಡುಗಡೆ ಎಂಬೆರಡು ಕೋರ್ಟ್ ಮಾರ್ಷಲ್‌ನ ಶಿಕ್ಷೆಯಾಗಿ ಬರತಕ್ಕವು. ಅಧಿಕಾರಿಗಳಿಗೆ ಅಗೌರವದ ಬಿಡುಗಡೆಯ ಬದಲು ‘ವಜಾ’. ಸರ್ಕಾರಿ ಖರ್ಚಿನಲ್ಲಿ ಕಾಲೇಜು ಓದಲು ಗೌರವಯುತ ಬಿಡುಗಡೆಯೇ ಬೇಕು. ‘ಸಾಮಾನ್ಯ’ವಾದರೆ ಚಿಕಿತ್ಸೆ, ಅಂಗವೈಕಲ್ಯ ಭತ್ಯೆಗಳು ಸಿಗುತ್ತವೆ, ಓದಿನ ನೆರವು ಸಿಗುವುದಿಲ್ಲ.

ಮಂಡಳಿಗಳು ಬಂದ ಬಗೆ

ಎರಡನೆಯ ಮಹಾಯುದ್ಧದ ಕೊನೆಯವರೆಗೆ ಇಂಥ ತಪ್ಪು ತಿದ್ದಿಸಿಕೊಳ್ಳಲು ಇದ್ದ ದಾರಿ ಬಹುಮಟ್ಟಿಗೆ ಒಂದೇ. ತನ್ನ ಕ್ಷೇತ್ರದ ಪ್ರತಿನಿಧಿಯನ್ನು ಹಿಡಿದು, ತನ್ನೊಬ್ಬನಿಗಾಗಿಯೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಖಾಸಗಿ ಮಸೂದೆ ತರಿಸಬೇಕಿತ್ತು. ಪ್ರಭಾವವಿದ್ದವರಿಗೇ ಇದು ಕಷ್ಟದ ಕೆಲಸ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ 1877ರಲ್ಲಿ ಪದವಿ ಪಡೆದ ಮೊದಲ ಕಪ್ಪು ಅಧಿಕಾರಿ ಹೆನ್ರಿ ಫ್ಲಿಪ್ಪರ್ ಇದನ್ನು ಜೀವನಪೂರ್ತಿ ಅನುಭವಿಸಿದರು. ಟೆಕ್ಸಾಸಿನ ಫೋರ್ಟ್ ಡೇವಿಸ್‌ನಲ್ಲಿ ಉಗ್ರಾಣದ ಹಣ ಕಡಿಮೆ ಬಿದ್ದಾಗ 1881ರಲ್ಲಿ ಅವರ ಮೇಲೆ ಕೋರ್ಟ್ ಮಾರ್ಷಲ್ ನಡೆಯಿತು. ಹಣ ಲಪಟಾಯಿಸಿದ ಆರೋಪ ಬಿದ್ದುಹೋಯಿತು. ಅಧಿಕಾರಿಗೆ ತಕ್ಕುದಲ್ಲದ ನಡತೆಯ ಆರೋಪ ನಿಂತಿತು. 1882ರ ಜೂನ್ 30ರಂದು ವಜಾ ಆದರು. ಗಣಿ ಎಂಜಿನಿಯರಾಗಿ, ಸರ್ವೇಯರಾಗಿ ಹೆಸರು ಮಾಡಿದರೂ ಹಳೆಯ ದರ್ಜೆಯನ್ನು ಮರಳಿ ಪಡೆಯುವ ಆಸೆ ಬಿಡಲಿಲ್ಲ. 1898ರಿಂದ ಮೊದಲ್ಗೊಂಡು ಅವರ ಪರವಾಗಿ ಬಂದ ಮಸೂದೆಗಳೆಲ್ಲ ಬಿದ್ದುಹೋದವು. 1940ರಲ್ಲಿ ಅವರು ತೀರಿಕೊಂಡಾಗ ವಜಾ ಹಾಗೆಯೇ ಇತ್ತು.

1944ರ ಜಿಐ ಬಿಲ್ ಯುದ್ಧದಿಂದ ಮರಳುವವರಿಗೆ ಓದು, ಮನೆಸಾಲದ ನೆರವು ಘೋಷಿಸಿದಾಗ ಬಿಡುಗಡೆ ಪತ್ರದ ಷರಾಕ್ಕೆ ಒಮ್ಮೆಗೇ ಹಣದ ಬೆಲೆ ಬಂತು. ಅದೇ ಕಾಯ್ದೆ ಬಿಡುಗಡೆ ಪರಿಶೀಲನಾ ಮಂಡಳಿಗಳನ್ನೂ ಹುಟ್ಟುಹಾಕಿತು. ಎರಡು ವರ್ಷದ ನಂತರ, 1946ರ ಶಾಸಕಾಂಗ ಪುನರ್ರಚನಾ ಕಾಯ್ದೆ ಖಾಸಗಿ ಮಸೂದೆಗಳ ಕಾಟಕ್ಕೆ ಕೊನೆ ಹಾಡಿತು. ಸೇನಾ ದಾಖಲೆ ತಿದ್ದಲು ಮಸೂದೆ ತರುವಂತಿಲ್ಲ ಎಂದು ಕಾಂಗ್ರೆಸ್ ತನ್ನ ಕೈಯನ್ನು ತಾನೇ ಕಟ್ಟಿಕೊಂಡು, ಆ ಅಧಿಕಾರವನ್ನು ಇಲಾಖೆಗಳ ಕಾರ್ಯದರ್ಶಿಗಳಿಗೆ ಬಿಟ್ಟುಕೊಟ್ಟಿತು. ಅವರು ಅದನ್ನು ಚಲಾಯಿಸುವುದು ದಾಖಲೆ ತಿದ್ದುಪಡಿ ಮಂಡಳಿಗಳ ಮೂಲಕ. ಅವುಗಳ ಸದಸ್ಯರು ಸಮವಸ್ತ್ರದವರಲ್ಲ, ಇಲಾಖೆಯ ನಾಗರಿಕ ನೌಕರರು.

ಎರಡೂ ಮಂಡಳಿಗಳು ಇಂದಿಗೂ ಇವೆ. ಬಿಡುಗಡೆಯಾಗಿ 15 ವರ್ಷ ಮೀರದವರು ಡಿಡಿ 293 ನಮೂನೆಯಲ್ಲಿ ಪರಿಶೀಲನಾ ಮಂಡಳಿಗೆ ಹೋಗುತ್ತಾರೆ. ಅದು ಬಿಡುಗಡೆಯ ಸ್ವರೂಪವನ್ನೂ ಕಾರಣವನ್ನೂ ಬದಲಿಸಬಲ್ಲದು, ಜನರಲ್ ಕೋರ್ಟ್ ಮಾರ್ಷಲ್ ಕೊಟ್ಟದ್ದನ್ನು ಮುಟ್ಟಲಾರದು. ಮಿಕ್ಕವರಿಗೆ ಡಿಡಿ 149 ಮತ್ತು ತಿದ್ದುಪಡಿ ಮಂಡಳಿ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಕೇಳಬೇಕೆಂಬ ಗಡುವು ಇದ್ದರೂ, ನ್ಯಾಯದ ಹಿತದಲ್ಲಿ ಅದನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಬಾಕಿ ಸಂಬಳ, ಬಡ್ತಿ, ವೈದ್ಯಕೀಯ ನಿವೃತ್ತಿ ಎಲ್ಲವನ್ನೂ ಇದು ಕೊಡಿಸಬಲ್ಲದು. 1951ರಲ್ಲಿ ಜಾರಿಗೆ ಬಂದ ಏಕರೂಪ ಸೇನಾ ನ್ಯಾಯ ಸಂಹಿತೆಯಡಿ ಆದ ಅಪರಾಧ ನಿರ್ಣಯವನ್ನು ಮಾತ್ರ ರದ್ದು ಮಾಡಲಾರದು. ದಯೆ ತೋರಿ ಶಿಕ್ಷೆಯನ್ನು ಹಗುರಗೊಳಿಸಬಹುದು, ಅಷ್ಟೆ.

ಫ್ಲಿಪ್ಪರ್ ಪ್ರಕರಣವನ್ನು ವಂಶಸ್ಥರೂ ಬೆಂಬಲಿಗರೂ ಈ ಮಂಡಳಿಯ ಮುಂದೆ ತಂದದ್ದು 1976ರಲ್ಲಿ. ಶಿಕ್ಷೆ ಅತಿಯಾಯಿತು ಎಂದು ಒಪ್ಪಿದ ಮಂಡಳಿ, ವಜಾ ಆದ ದಿನಾಂಕವನ್ನೇ ಹಾಕಿ ಗೌರವಯುತ ಬಿಡುಗಡೆ ಕೊಟ್ಟಿತು. ಸಂಹಿತೆಗೆ ಮೊದಲಿನ ಪ್ರಕರಣವಾಗಿದ್ದರೂ ತೀರ್ಪನ್ನು ಅಳಿಸುವುದು ತನ್ನ ಕೈಯಲ್ಲಿಲ್ಲ ಎಂದು ಆಗ ಹೇಳಿತು. ಅದಕ್ಕೆ ಕ್ಷಮಾದಾನ ಬೇಕಾಯಿತು. 1999ರ ಫೆಬ್ರವರಿ 19ರಂದು ಅಧ್ಯಕ್ಷ ಕ್ಲಿಂಟನ್ ಅದನ್ನು ನೀಡಿದರು.

ಗುಂಪಿಗೇ ಹಾಕಿದ ಷರಾ

ತಪ್ಪು ಒಬ್ಬರದಾಗದೆ ನೀತಿಯದೇ ಆಗಿದ್ದ ಸಂದರ್ಭಗಳೂ ಉಂಟು. 1916ರಿಂದ 1947ರವರೆಗೆ ಬಳಕೆಯಲ್ಲಿದ್ದ, ನೀಲಿ ಕಾಗದದಲ್ಲಿ ಮುದ್ರಿಸುತ್ತಿದ್ದ ಬಿಡುಗಡೆ ಪತ್ರ ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ. ವಿಚಾರಣೆಯಿಲ್ಲದೆ ಕೈಗಿಡಲು ಅನುಕೂಲವಾದದ್ದು. 1941ರ ಡಿಸೆಂಬರ್‌ನಿಂದ 1945ರ ಜೂನ್‌ವರೆಗೆ ಭೂಸೇನೆ ಕೊಟ್ಟ 48,603 ನೀಲಿ ಪತ್ರಗಳಲ್ಲಿ 10,806 ಕಪ್ಪು ಸೈನಿಕರಿಗೆ ಹೋದವು. ಸೇನೆಯಲ್ಲಿ ಅವರ ಪಾಲು ಶೇ. 6.5ರಷ್ಟು, ಈ ಪತ್ರಗಳಲ್ಲಿ ಶೇ. 22ಕ್ಕೂ ಹೆಚ್ಚು. ಸಲಿಂಗಿಗಳನ್ನು ಹೊರಹಾಕಲೂ ಇದೇ ಸಾಧನವಾಗಿತ್ತು.

1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ ನಡೆದ ಗುಂಡಿನ ದಾಳಿಯ ನೆಪದಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ 25ನೆಯ ಪದಾತಿ ದಳದ 167 ಕಪ್ಪು ಸೈನಿಕರನ್ನು ವಿಚಾರಣೆಯಿಲ್ಲದೆ ಮನೆಗೆ ಕಳಿಸಿದ್ದರು. ಸೇನೆ ಅದನ್ನು ಗೌರವಯುತ ಬಿಡುಗಡೆಯಾಗಿ ಬದಲಿಸಿದ್ದು 1972ರಲ್ಲಿ. ಪರಿಹಾರದ 25,000 ಡಾಲರ್ ಪಡೆಯಲು ಬದುಕಿ ಉಳಿದಿದ್ದವರು ಡಾರ್ಸಿ ವಿಲ್ಲಿಸ್ ಒಬ್ಬರೇ. 1944ರಲ್ಲಿ ಸಿಯಾಟಲ್‌ನ ಫೋರ್ಟ್ ಲಾಟನ್‌ನಲ್ಲಿ ಇಟಲಿಯ ಯುದ್ಧಕೈದಿಯೊಬ್ಬನ ಸಾವಿನ ನಂತರ 28 ಕಪ್ಪು ಸೈನಿಕರಿಗೆ ಶಿಕ್ಷೆಯಾಗಿತ್ತು. ಪ್ರತಿವಾದಿ ವಕೀಲರಿಗೆ ಮುಖ್ಯ ತನಿಖಾ ವರದಿಯನ್ನು ಕೊಟ್ಟಿರಲಿಲ್ಲ ಎಂಬ ಕಾರಣದಿಂದ ತಿದ್ದುಪಡಿ ಮಂಡಳಿ 2007ರಲ್ಲಿ ಆ ವಿಚಾರಣೆಯೇ ಅನ್ಯಾಯದ್ದೆಂದಿತು. 1951ರ ಸಂಹಿತೆಗೆ ಮೊದಲಿನ ಪ್ರಕರಣವಾದ್ದರಿಂದ ಈ ಬಾರಿ ತೀರ್ಪನ್ನೂ ತೆಗೆದುಹಾಕಲು ಸಾಧ್ಯವಾಯಿತು. ಅರ್ಜಿದಾರರಲ್ಲೊಬ್ಬರಾದ ಸ್ಯಾಮ್ಯುಯೆಲ್ ಸ್ನೋ ಅವರಿಗೆ ಬಂದ ಬಾಕಿ ಸಂಬಳದ ಚೆಕ್ಕಿನಲ್ಲಿದ್ದ ಮೊತ್ತ 725 ಡಾಲರ್. ಅರವತ್ತು ವರ್ಷದ ಬಡ್ಡಿ ಸೇರಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಈ ಚೆಕ್ಕಿನ ಸುದ್ದಿ ಹಬ್ಬಿದ ಮೇಲೆಯೇ ಕಾಂಗ್ರೆಸ್ ಆ ಅವಕಾಶವನ್ನು ಸೇರಿಸಿತು. 2008ರ ಜುಲೈನಲ್ಲಿ ಸೇನೆ ಸಿಯಾಟಲ್‌ನಲ್ಲಿ ಸಮಾರಂಭ ನಡೆಸಿ ಕ್ಷಮೆ ಕೋರಿದ ಕೆಲವೇ ಗಂಟೆಗಳಲ್ಲಿ ಸ್ನೋ ತೀರಿಕೊಂಡರು.

ಲೈಂಗಿಕ ಒಲವನ್ನು ಹೇಳಿಕೊಂಡವರನ್ನು ಹೊರಹಾಕುತ್ತಿದ್ದ ‘ಕೇಳಬೇಡ, ಹೇಳಬೇಡ’ ನೀತಿ 1994ರಿಂದ 2011ರ ಸೆಪ್ಟೆಂಬರ್ 20ರವರೆಗೆ ನಡೆಯಿತು. ಅದರಡಿ ಹೊರಬಿದ್ದವರು 13,000ಕ್ಕೂ ಹೆಚ್ಚು. ಇವರಲ್ಲಿ ಬಹುಪಾಲು ಜನರಿಗೆ ಗೌರವಯುತ ಬಿಡುಗಡೆಯೇ ಸಿಕ್ಕಿದ್ದರೂ 28ನೆಯ ಅಂಕಣದಲ್ಲಿ ಕಾರಣ ಬರೆದಿತ್ತು. ಪೂರ್ಣ ಪ್ರತಿ ತೋರಿಸಿದಲ್ಲೆಲ್ಲ ಖಾಸಗಿ ವಿಷಯ ಬೀದಿಗೆ ಬರುತ್ತಿತ್ತು. ಬೇರೆ ದುರ್ನಡತೆ ಇಲ್ಲದಿದ್ದರೆ ಆ ಕಾರಣವನ್ನೂ ಮರುಭರ್ತಿಯ ಸಂಕೇತವನ್ನೂ ಬದಲಿಸಬೇಕೆಂದು ಪೆಂಟಗನ್ 2011ರಲ್ಲಿ ಮಂಡಳಿಗಳಿಗೆ ಸೂಚಿಸಿತು.

ಸುಟ್ಟುಹೋದ ಕಡತಗಳು

1973ರ ಜುಲೈ 12ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಮಿಸೌರಿಯ ಸೇಂಟ್ ಲೂಯಿಸ್ ಬಳಿ ಓವರ್‌ಲ್ಯಾಂಡ್‌ನಲ್ಲಿದ್ದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಮೇಲಿನ ಮಹಡಿಗೆ ಬೆಂಕಿ ಬಿತ್ತು. ದಾಖಲೆ ಇಟ್ಟಲ್ಲಿ ನೀರು ಚಿಮ್ಮಿಸಿ ಬೆಂಕಿ ಆರಿಸುವ ವ್ಯವಸ್ಥೆ ಇರಲಿಲ್ಲ. ನಾಲ್ಕು ದಿನ ಉರಿದ ಬೆಂಕಿಯಲ್ಲಿ 1.6ರಿಂದ 1.8 ಕೋಟಿ ಕಡತಗಳು ನಾಶವಾದವು. 1912ರ ನವೆಂಬರ್‌ನಿಂದ 1959ರ ಕೊನೆಯವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಶೇ. 80ರಷ್ಟು ಹೋದವು. ವಾಯುಪಡೆಯಲ್ಲಿ 1947ರಿಂದ 1963ರ ಕೊನೆಯವರೆಗಿನವುಗಳಲ್ಲಿ ಶೇ. 75ರಷ್ಟು, ಅದೂ ಅಕಾರಾದಿಯಲ್ಲಿ ‘ಹಬರ್ಡ್, ಜೇಮ್ಸ್ ಇ.’ ನಂತರದವು, ಆ ಹೆಸರಿಗಿಂತ ಮುಂಚಿನವರು ಬಚಾವಾದರು. ನಕಲೂ ಮೈಕ್ರೋಫಿಲ್ಮೂ ಇರಲಿಲ್ಲ. ಒದ್ದೆಯಾಗಿ ಉಳಿದವನ್ನು ಮೆಕ್‌ಡೊನೆಲ್ ಡಗ್ಲಸ್ ವಿಮಾನ ಕಂಪನಿಯ ನಿರ್ವಾತ ಕೋಣೆಯಲ್ಲಿ ಒಣಗಿಸಿದರು. ಸುಮಾರು 65 ಲಕ್ಷ ಕಡತಗಳು ಹೀಗೆ ಸಿಕ್ಕವು. ಅಂಚು ಕರಕಲಾದ ಆ ಹಾಳೆಗಳನ್ನು ಈಗಲೂ ಕೈಗವಸು ತೊಟ್ಟು ಬಿಡಿಸುತ್ತಾರೆ.

ಕಡತ ಸುಟ್ಟವರಿಗೆ ದಾಖಲೆಯನ್ನು ಮತ್ತೆ ಕಟ್ಟಿಕೊಡಲು ಬೇರೆ ಕಡೆ ಉಳಿದ ಕಾಗದಗಳೇ ಆಧಾರ. ಬಿಡುವಾಗ ಕೊನೆಯ ಸಂಬಳ ಕೊಟ್ಟ ವೋಚರಿನಿಂದ ಸೇವಾವಧಿಯನ್ನು ಖಚಿತಪಡಿಸಿ ಪ್ರಮಾಣಪತ್ರ ಕೊಡುತ್ತಾರೆ. ತುಕಡಿ ದಿನವೂ ಬರೆಯುತ್ತಿದ್ದ ಬೆಳಗಿನ ವರದಿಯಲ್ಲಿ ಯಾರು ಗಾಯಗೊಂಡರು, ಯಾರು ಆಸ್ಪತ್ರೆಗೆ ಹೋದರು ಎಂಬುದು ಸಿಗುತ್ತದೆ, ಆದರೆ ಹುಡುಕಬೇಕಾದರೆ ತುಕಡಿಯ ಹೆಸರೂ ತಿಂಗಳೂ ಗೊತ್ತಿರಬೇಕು. ಎಂಬತ್ತು ದಾಟಿದವರಿಗೆ ಅದು ನೆನಪಿರಬೇಕೆಂಬ ನಿರೀಕ್ಷೆ ವಿಚಿತ್ರವೇ. ತೊಡೆಯಲ್ಲಿ ಗುಂಡಿನ ಚೂರು ಇಟ್ಟುಕೊಂಡೇ, ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ‘ಪರ್ಪಲ್ ಹಾರ್ಟ್’ ಪದಕಕ್ಕೆ ದಾಖಲೆಯಿಲ್ಲ ಎಂಬ ಉತ್ತರ ಪಡೆಯುವ ಸ್ಥಿತಿ ಇಂಥಲ್ಲಿ ಹುಟ್ಟುತ್ತದೆ.

ಮನಸ್ಸಿನ ಗಾಯ

ಯುದ್ಧದಂಥ ಆಘಾತದಿಂದ ಬರುವ ಮಾನಸಿಕ ತೊಂದರೆ (ಪಿಟಿಎಸ್‌ಡಿ) ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿ ಸೇರಿದ್ದು 1980ರಲ್ಲಿ. ಅದಕ್ಕೂ ಮೊದಲು ವಿಯೆಟ್ನಾಂನಿಂದ ಮರಳಿ, ಕುಡಿದು, ಹೇಳದೆ ಕೇಳದೆ ಶಿಬಿರ ಬಿಟ್ಟು ಗೌರವೇತರ ಷರಾ ಹೊತ್ತವರ ಕಡತದಲ್ಲಿ ರೋಗದ ಹೆಸರು ಇರಲು ಸಾಧ್ಯವೇ ಇರಲಿಲ್ಲ. ರೋಗದ ದಾಖಲೆ ತನ್ನಿ ಎಂದು ಮಂಡಳಿ ಕೇಳಿದರೆ ಅವರು ಎಲ್ಲಿಂದ ತರಬೇಕು? 2014ರ ಸೆಪ್ಟೆಂಬರ್ 3ರಂದು ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಹೊರಡಿಸಿದ ಜ್ಞಾಪನಪತ್ರ ಇಂಥವರ ಅರ್ಜಿಯನ್ನು ಉದಾರವಾಗಿ ನೋಡಬೇಕೆಂದಿತು. 2017ರ ಇನ್ನೊಂದು ಪತ್ರ ಮಿದುಳಿನ ಪೆಟ್ಟು, ಲೈಂಗಿಕ ದೌರ್ಜನ್ಯಗಳಿಗೂ ಇದನ್ನು ವಿಸ್ತರಿಸಿತು. ಅರ್ಜಿದಾರರ ಸ್ವಂತ ಹೇಳಿಕೆಯೂ ಸಾಕ್ಷ್ಯವಾಗಬಹುದೆಂದು ಒಪ್ಪಿತು. ರುಜುವಾತಿನ ಹೊಣೆ ಸ್ವಲ್ಪವಾದರೂ ಹಗುರವಾದದ್ದು ಇಲ್ಲಿ. ಮಂಡಳಿಗಳು ಈ ಸೂಚನೆಯನ್ನು ಪಾಲಿಸುತ್ತಿಲ್ಲವೆಂದು ಭೂಸೇನೆ, ನೌಕಾಪಡೆಗಳ ಮೇಲೆ ಮಾಜಿ ಸೈನಿಕರು ಹೂಡಿದ ಸಾಮೂಹಿಕ ದಾವೆಗಳು ರಾಜಿಯಲ್ಲಿ ಮುಗಿದು, ಸಾವಿರಾರು ಹಳೆಯ ಅರ್ಜಿಗಳ ಮರುಪರಿಶೀಲನೆಗೆ ದಾರಿಯಾಯಿತು.

ನಿರ್ಧಾರದ ನಂತರ

ಅಕ್ಷರದೋಷದಂಥ ಸಣ್ಣ ತಿದ್ದುಪಡಿಗೆ ಡಿಡಿ 215 ಎಂಬ ಹಾಳೆಯನ್ನು ಮೂಲಪತ್ರಕ್ಕೆ ಲಗತ್ತಿಸುತ್ತಾರೆ. ಬಿಡುಗಡೆಯ ಸ್ವರೂಪವೇ ಬದಲಾದರೆ ಸಾಮಾನ್ಯವಾಗಿ ಹೊಸ ಡಿಡಿ 214 ಬರುತ್ತದೆ. ಅರ್ಜಿ ತಿರಸ್ಕೃತವಾದವರು ಫೆಡರಲ್ ನ್ಯಾಯಾಲಯಕ್ಕೆ ಹೋಗಬಹುದು. ಮಂಡಳಿ ಮನಬಂದಂತೆ ನಡೆದುಕೊಂಡಿತೇ ಎಂಬುದನ್ನಷ್ಟೇ ನ್ಯಾಯಾಲಯ ನೋಡುತ್ತದೆ.

ಭಾರತದಲ್ಲಿ ಇದಕ್ಕೆ ಸಮನಾದ ನಾಗರಿಕ ಮಂಡಳಿ ಇಲ್ಲ. ದಾಖಲೆಯ ತಪ್ಪಿಗೆ ಮಾಜಿ ಸೈನಿಕರು ಮೊದಲು ತಮ್ಮ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯುತ್ತಾರೆ. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಅದು ಬೆಂಗಳೂರಿನಲ್ಲೇ ಇದೆ. ಅಲ್ಲಿ ಕೆಲಸ ಆಗದಿದ್ದರೆ 2007ರ ಕಾಯ್ದೆಯಂತೆ ರಚನೆಯಾಗಿ 2009ರಲ್ಲಿ ಆರಂಭವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಂಗವೈಕಲ್ಯ ಪಿಂಚಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ ರುಜುವಾತಿನ ಹೊಣೆಯನ್ನು ಸೇನೆಯ ಕಡೆಗೆ ತಿರುಗಿಸಿತು: ಸೇರುವಾಗಿನ ವೈದ್ಯಕೀಯ ತಪಾಸಣೆಯಲ್ಲಿ ರೋಗವನ್ನು ಬರೆದುಕೊಳ್ಳದಿದ್ದರೆ, ಆ ಸೈನಿಕ ಆಗ ಆರೋಗ್ಯವಾಗಿದ್ದನೆಂದೇ ತಿಳಿಯಬೇಕು.