ಮನೆಗೆ ಕಳವು ಎಚ್ಚರಿಕೆ ಗಂಟೆ: ಕೂಗಿದ ಮೇಲೆ ಬರುವವರು ಯಾರು?

ಬೇಸಿಗೆ ರಜೆ, ದಸರಾ, ಮದುವೆಯ ಕಾಲ ಬಂತೆಂದರೆ ಊರಿನಲ್ಲಿ ಬೀಗ ಹಾಕಿದ ಮನೆಗಳು ಹೆಚ್ಚುತ್ತವೆ. ಅದರೊಂದಿಗೆ ಕನ್ನಗಳವಿನ ಭಯವೂ ಹೆಚ್ಚುತ್ತದೆ. ಒಂದು ಕಾಲದಲ್ಲಿ ಬ್ಯಾಂಕು ಮತ್ತು ಆಭರಣದ ಅಂಗಡಿಗಳಿಗಷ್ಟೇ ಸೀಮಿತವಾಗಿದ್ದ ಎಚ್ಚರಿಕೆ ಗಂಟೆ ಇಂದು ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ಬೆಲೆ, ಸೆನ್ಸರುಗಳ ಸಂಖ್ಯೆ, ಸೈರನ್ನಿನ ಸದ್ದು ಇವಿಷ್ಟನ್ನು ವಿಚಾರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಮಾತ್ರ ಉಳಿದುಹೋಗುತ್ತದೆ: ಗಂಟೆ ಕೂಗಿದ ಮೇಲೆ ಬರುವವರು ಯಾರು?

ಸೈರನ್ ಕೂಗಿದೊಡನೆ ಪೊಲೀಸ್ ಠಾಣೆಗೆ ತಾನಾಗಿಯೇ ಸುದ್ದಿ ಮುಟ್ಟುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಗೃಹಬಳಕೆಯ ಉಪಕರಣ ಠಾಣೆಗೆ ಜೋಡಣೆಯಾಗಿರುವುದಿಲ್ಲ. ಅದು ಸದ್ದು ಮಾಡುತ್ತದೆ, ಮೊದಲೇ ತುಂಬಿಸಿಟ್ಟ ಕೆಲವು ದೂರವಾಣಿ ಸಂಖ್ಯೆಗಳಿಗೆ ಕರೆ ಅಥವಾ ಸಂದೇಶ ಕಳುಹಿಸುತ್ತದೆ, ಅಷ್ಟೆ. ಆ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸಬೇಕಾದವರು ಮನುಷ್ಯರೇ. ಆದ್ದರಿಂದ ಉಪಕರಣವನ್ನು ಆರಿಸುವುದಕ್ಕೆ ಮುನ್ನ ಆ ಮನುಷ್ಯರನ್ನು ಆರಿಸಿಕೊಳ್ಳುವುದು ಜಾಣತನ.

ಉಪಕರಣದ ಅಂಗಗಳು

ಎಚ್ಚರಿಕೆ ಗಂಟೆಯ ವ್ಯವಸ್ಥೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಮೊದಲನೆಯದು ಎಲ್ಲವನ್ನೂ ನಿಯಂತ್ರಿಸುವ ಪೆಟ್ಟಿಗೆ, ಅಂದರೆ ಪ್ಯಾನೆಲ್. ಎರಡನೆಯದು ಕಳ್ಳನ ಸುಳಿವನ್ನು ಹಿಡಿಯುವ ಸೆನ್ಸರುಗಳು. ಮೂರನೆಯದು ಸೈರನ್. ನಾಲ್ಕನೆಯದು ಹೊರಗಿನವರಿಗೆ ಸುದ್ದಿ ತಲುಪಿಸುವ ಸಾಧನ. ಇದು ಸಿಮ್ ಕಾರ್ಡಿನ ಮೂಲಕವೋ ಮನೆಯ ಇಂಟರ್ನೆಟ್ ಸಂಪರ್ಕದ ಮೂಲಕವೋ ಕೆಲಸ ಮಾಡುತ್ತದೆ.

ಸೆನ್ಸರುಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಬಾಗಿಲು, ಕಿಟಕಿಗಳಿಗೆ ಕೂರಿಸುವ ಅಯಸ್ಕಾಂತದ ಸೆನ್ಸರು ಬಾಗಿಲು ಚೌಕಟ್ಟಿನಿಂದ ಬೇರ್ಪಟ್ಟೊಡನೆ ಸುದ್ದಿ ಕೊಡುತ್ತದೆ. ಕೋಣೆಯ ಮೂಲೆಯಲ್ಲಿ ಕೂರಿಸುವ ಪಿ.ಐ.ಆರ್. ಸೆನ್ಸರು ಮನುಷ್ಯನ ದೇಹದ ಶಾಖ ಚಲಿಸುವುದನ್ನು ಗುರುತಿಸುತ್ತದೆ. ಮೊದಲನೆಯದು ಕಳ್ಳ ಒಳಬರುವ ಕ್ಷಣದಲ್ಲೇ ಎಚ್ಚರಿಸಿದರೆ, ಎರಡನೆಯದು ಅವನು ಒಳಬಂದ ಮೇಲೆ ಎಚ್ಚರಿಸುತ್ತದೆ. ಇವಲ್ಲದೆ ಗಾಜು ಒಡೆದ ಸದ್ದನ್ನು ಹಾಗೂ ಸರಳು ಕತ್ತರಿಸುವ ಕಂಪನವನ್ನು ಗುರುತಿಸುವ ಸೆನ್ಸರುಗಳೂ ಇವೆ.

ಮನೆಯ ರಚನೆಗೆ ತಕ್ಕಂತೆ ಇವನ್ನು ಆರಿಸಬೇಕು. ಮುಂಬಾಗಿಲಿಗೆ ಮಾತ್ರ ಸೆನ್ಸರು ಕೂರಿಸಿ ಹಿತ್ತಲ ಬಾಗಿಲು, ಟೆರೇಸ್ ಬಾಗಿಲು, ಅಡುಗೆಮನೆಯ ಕಿಟಕಿಗಳನ್ನು ಹಾಗೆಯೇ ಬಿಡುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಮಲೆನಾಡು ಹಾಗೂ ಕರಾವಳಿಯ ಹೆಂಚಿನ ಮನೆಗಳಲ್ಲಿ ಹೆಂಚು ಸರಿಸಿ ಇಳಿಯುವ ಕಳ್ಳನಿಗೆ ಬಾಗಿಲ ಸೆನ್ಸರಿನ ಹಂಗೇ ಇಲ್ಲ. ಅಲ್ಲಿ ನಡುಮನೆಯ ಪಿ.ಐ.ಆರ್. ಸೆನ್ಸರೇ ಉಪಯುಕ್ತ. ಅಪಾರ್ಟ್‌ಮೆಂಟಿನ ಮೇಲಿನ ಅಂತಸ್ತುಗಳಲ್ಲಿ ಮುಂಬಾಗಿಲು ಮತ್ತು ಬಾಲ್ಕನಿಯ ಬಾಗಿಲನ್ನು ಕಾಯ್ದುಕೊಂಡರೆ ಬಹುತೇಕ ಸಾಕು.

ಬಾಗಿಲೇ ದುರ್ಬಲವಾಗಿದ್ದರೆ ಗಂಟೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಗಟ್ಟಿ ಚೌಕಟ್ಟು, ಒಳಬೀಗ, ಕಬ್ಬಿಣದ ಸರಳು ಇವು ಕಳ್ಳನನ್ನು ಕೆಲವು ನಿಮಿಷಗಳ ಕಾಲ ತಡೆಯುತ್ತವೆ. ಆ ಕೆಲವು ನಿಮಿಷಗಳಲ್ಲಿ ಯಾರಾದರೂ ಬರುವಂತೆ ಮಾಡುವುದಷ್ಟೇ ಗಂಟೆಯ ಕೆಲಸ.

ವಿದ್ಯುತ್ತು ಮತ್ತು ಸಿಮ್ ಕಾರ್ಡು

ತಂತಿಯ ವ್ಯವಸ್ಥೆ ಹೆಚ್ಚು ಕಾಲ ಬಾಳುತ್ತದೆ; ಆದರೆ ಕಟ್ಟಿದ ಮನೆಯಲ್ಲಿ ಗೋಡೆ ಕೊರೆಯಬೇಕಾಗುತ್ತದೆ. ನಿಸ್ತಂತು ವ್ಯವಸ್ಥೆಯನ್ನು ಕೂರಿಸುವುದು ಸುಲಭ. ಬಾಡಿಗೆ ಮನೆಯವರು ಬಿಚ್ಚಿಕೊಂಡು ಹೋಗಬಹುದು. ಆದರೆ ಪ್ರತಿಯೊಂದು ಸೆನ್ಸರಿಗೂ ಪ್ರತ್ಯೇಕ ಬ್ಯಾಟರಿ ಇರುವುದರಿಂದ ಅವನ್ನು ಕಾಲಕಾಲಕ್ಕೆ ಬದಲಿಸುತ್ತಿರಬೇಕು.

ವಿದ್ಯುತ್ ಕಡಿತವಾದಾಗ ಪ್ಯಾನೆಲ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂಬುದನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು. ಇಂಟರ್ನೆಟ್ಟನ್ನು ಮಾತ್ರ ನೆಚ್ಚಿಕೊಂಡ ಉಪಕರಣವು ಮನೆಯ ರೌಟರ್ ನಿಂತೊಡನೆ ಹೊರಜಗತ್ತಿನಿಂದ ಕಡಿದುಹೋಗುತ್ತದೆ. ಮೀಟರಿನ ಬಳಿಯ ಸ್ವಿಚ್ಚನ್ನು ಆರಿಸುವುದು ಕಳ್ಳನಿಗೆ ಕಷ್ಟದ ಕೆಲಸವಲ್ಲ. ಆದ್ದರಿಂದ ಇಂಟರ್ನೆಟ್ ಮತ್ತು ಸಿಮ್ ಎರಡೂ ಇರುವ, ತನ್ನದೇ ಬ್ಯಾಟರಿಯುಳ್ಳ ಪ್ಯಾನೆಲ್ ಮೇಲು.

ಸಿಮ್ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಅಗ್ಗದ ಪ್ಯಾನೆಲ್‌ಗಳಲ್ಲಿ ಹಲವು 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೋ ಕಂಪನಿಗೆ 2ಜಿ ಜಾಲವೇ ಇಲ್ಲವಾದ್ದರಿಂದ ಅದರ ಸಿಮ್ ಇಂತಹ ಪೆಟ್ಟಿಗೆಯಲ್ಲಿ ನಡೆಯದು. ಎರಡನೆಯದಾಗಿ, ಪೆಟ್ಟಿಗೆಯೊಳಗಿನ ಸಿಮ್ಮಿಗೂ ರೀಚಾರ್ಜ್ ಬೇಕು. ಕೂರಿಸಿದ ವರ್ಷ ಸರಿಯಾಗಿದ್ದು, ಮರುವರ್ಷ ವಾಯಿದೆ ಮುಗಿದು ಮೂಕವಾದ ಗಂಟೆಯನ್ನು ನೆಚ್ಚಿಕೊಂಡು ಯಾತ್ರೆಗೆ ಹೊರಡುವುದಕ್ಕಿಂತ ಗಂಟೆಯೇ ಇಲ್ಲವೆಂದು ತಿಳಿದು ಎಚ್ಚರದಿಂದಿರುವುದು ಲೇಸು.

ಹುಸಿ ಕೂಗಿನ ಪಿಡುಗು

ಎಚ್ಚರಿಕೆ ಗಂಟೆಯ ದೊಡ್ಡ ಶತ್ರು ಅದರ ಹುಸಿ ಕೂಗು. ಅಮೆರಿಕದ ನ್ಯಾಯ ಇಲಾಖೆಯು ಪೊಲೀಸರಿಗಾಗಿ ಹೊರತಂದ ಕೈಪಿಡಿಯೊಂದರ ಪ್ರಕಾರ ಅಲ್ಲಿ ಪೊಲೀಸರಿಗೆ ಬರುವ ಕನ್ನಗಳವಿನ ಅಲಾರಂ ಕರೆಗಳಲ್ಲಿ ಶೇ. 94ರಿಂದ 98ರಷ್ಟು ಹುಸಿಯಾಗಿರುತ್ತವೆ. ಇದರಿಂದ ಬೇಸತ್ತ ಸಾಲ್ಟ್ ಲೇಕ್ ಸಿಟಿ ನಗರವು 2000ನೇ ಇಸವಿಯಲ್ಲಿ ಹೊಸ ನಿಯಮ ತಂದಿತು. ಅದರಂತೆ ಮೊದಲು ಖಾಸಗಿ ಕಾವಲುಗಾರ ಸ್ಥಳಕ್ಕೆ ಹೋಗಿ ನೋಡಬೇಕು. ಕಳವಿನ ಕುರುಹು ಕಂಡರೆ ಮಾತ್ರ ಪೊಲೀಸರು ಬರುತ್ತಾರೆ. ಬ್ರಿಟನ್ನಿನಲ್ಲಿಯೂ ಪದೇ ಪದೇ ಹುಸಿ ಕೂಗು ಹೊರಡಿಸುವ ಮನೆಗೆ ಪೊಲೀಸರ ತ್ವರಿತ ಸ್ಪಂದನ ನಿಂತುಹೋಗುತ್ತದೆ.

ನಮ್ಮಲ್ಲಿ ಮೊದಲು ಓಗೊಡುವವರು ನೆರೆಯವರಾದುದರಿಂದ ಬೇಸರವೂ ಮೊದಲು ಅವರಿಗೇ ಬರುತ್ತದೆ. ತೋಳ ಬಂತು ತೋಳ ಎಂಬ ಕತೆ ಎಲ್ಲರಿಗೂ ಗೊತ್ತು. ನಡುರಾತ್ರಿ ಮೂರು ಸಲ ಸುಮ್ಮನೆ ಕೂಗಿದ ಗಂಟೆಗೆ ನಾಲ್ಕನೆಯ ಸಲ ಯಾರೂ ಕಿಟಕಿ ತೆರೆಯುವುದಿಲ್ಲ.

ನಮ್ಮ ಮನೆಗಳಲ್ಲಿ ಹುಸಿ ಕೂಗಿಗೆ ಕಾರಣಗಳು ಹಲವು. ಸೆನ್ಸರಿನ ಮೇಲೆ ಹರಿದಾಡುವ ಹಲ್ಲಿ, ತೆರೆದ ಕಿಟಕಿಯಿಂದ ನುಸುಳುವ ಬೆಕ್ಕು, ಗಾಳಿಗೆ ಆಡುವ ಪರದೆ, ನೇರವಾಗಿ ಬೀಳುವ ಬಿಸಿಲು, ಮಳೆಗಾಲದಲ್ಲಿ ಉಬ್ಬಿ ಸರಿಯಾಗಿ ಮುಚ್ಚದ ಮರದ ಬಾಗಿಲು ಇವು ಮುಖ್ಯವಾದವು. ಸೆನ್ಸರನ್ನು ಕಿಟಕಿಗೆ ಎದುರಾಗಿ ಕೂರಿಸದಿರುವುದು, ಅದರ ಗಾಜನ್ನು ಆಗಾಗ ಒರೆಸುವುದು, ಸಾಕುಪ್ರಾಣಿಗಳಿರುವ ಮನೆಗೆ ತಕ್ಕ ಸೆನ್ಸರನ್ನೇ ಕೇಳಿ ಪಡೆಯುವುದು ಇವುಗಳಿಂದ ತೊಂದರೆ ಬಹಳಷ್ಟು ತಗ್ಗುತ್ತದೆ. ಸೈರನ್ ಕೆಲವು ನಿಮಿಷಗಳಲ್ಲಿ ತಾನೇ ನಿಲ್ಲುವಂತೆಯೂ ಹೊಂದಿಸಬೇಕು. ಮನೆಯೊಳಗೊಂದು ಕ್ಯಾಮೆರಾ ಇದ್ದರೆ ಕೂಗು ನಿಜವೋ ಹುಸಿಯೋ ಎಂಬುದನ್ನು ಕ್ಷಣಮಾತ್ರದಲ್ಲಿ ತಿಳಿಯಬಹುದು.

ಸುದ್ದಿ ಯಾರಿಗೆ?

ಇದಕ್ಕೆ ಎರಡು ದಾರಿಗಳಿವೆ. ಒಂದು, ಸುದ್ದಿ ನೇರವಾಗಿ ಮನೆಯವರ ಮೊಬೈಲಿಗೆ ಬರುವ ವ್ಯವಸ್ಥೆ. ಇದಕ್ಕೆ ತಿಂಗಳ ಶುಲ್ಕವಿಲ್ಲ. ಆದರೆ ಮನೆಯವರು ವಿಮಾನದಲ್ಲಿಯೋ ಗಾಢ ನಿದ್ರೆಯಲ್ಲಿಯೋ ಇದ್ದರೆ ಸುದ್ದಿ ಅಲ್ಲೇ ನಿಲ್ಲುತ್ತದೆ. ಎರಡು, ಶುಲ್ಕ ಪಡೆದು ಹಗಲಿರುಳು ಕಾಯುವ ಖಾಸಗಿ ಸಂಸ್ಥೆಯ ನಿಗಾ ಕೇಂದ್ರ. ಇಂತಹ ಸಂಸ್ಥೆಯನ್ನು ಆರಿಸುವಾಗ ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕೂಗು ಬಂದಾಗ ನೀವು ಮೊದಲು ಯಾರಿಗೆ ಕರೆ ಮಾಡುತ್ತೀರಿ? ಅವರು ಎತ್ತದಿದ್ದರೆ ಮುಂದೇನು? ಪೊಲೀಸರಿಗೆ ತಿಳಿಸುವವರು ನೀವೋ ನಾವೋ? ಸ್ಥಳಕ್ಕೆ ಕಾವಲುಗಾರನನ್ನು ಕಳುಹಿಸುತ್ತೀರಾ? ಕಾವಲುಗಾರರನ್ನು ಒದಗಿಸುವ ಸಂಸ್ಥೆಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಇರಲೇಬೇಕು. ಅದನ್ನು ನೋಡಿಯೇ ಒಪ್ಪಂದಕ್ಕೆ ಸಹಿ ಹಾಕುವುದು ಕ್ಷೇಮ.

ಯಾವ ದಾರಿ ಹಿಡಿದರೂ ಬೀಗದ ಕೈಯುಳ್ಳ, ಐದು ಹತ್ತು ನಿಮಿಷಗಳಲ್ಲಿ ಮನೆ ತಲುಪಬಲ್ಲ ಇಬ್ಬರ ಹೆಸರು ಪಟ್ಟಿಯಲ್ಲಿರಬೇಕು. ಅವರು ಒಬ್ಬರೇ ಒಳಹೋಗಬಾರದು. ದೂರದಿಂದ ನೋಡಿ, ಬಾಗಿಲು ಮುರಿದಿದ್ದರೆ ಪೊಲೀಸರಿಗೆ ತಿಳಿಸಿ ಹೊರಗೇ ಕಾಯಬೇಕು. ಇದನ್ನು ಅವರಿಗೆ ಮೊದಲೇ ಹೇಳಿಡುವುದು ಮನೆಯವರ ಹೊಣೆ.

ಪೊಲೀಸರು ಬರುವ ಬಗೆ

ಕರ್ನಾಟಕದಲ್ಲಿ 2019ರಿಂದ ತುರ್ತು ಕರೆಗೆ 112 ಸಂಖ್ಯೆ ಜಾರಿಯಲ್ಲಿದೆ. ಕರೆಯನ್ನು ನಿಯಂತ್ರಣ ಕೊಠಡಿಯ ಸಿಬ್ಬಂದಿ ಸ್ವೀಕರಿಸಿ, ಸ್ಥಳವನ್ನು ಗುರುತಿಸಿ, ಹತ್ತಿರದಲ್ಲಿರುವ ಗಸ್ತು ವಾಹನಕ್ಕೆ ಒಪ್ಪಿಸುತ್ತಾರೆ. ಬೆಂಗಳೂರಿಗರಿಗೆ ಹೊಯ್ಸಳ ಎಂಬ ಹೆಸರಿನಿಂದ ಪರಿಚಿತವಾದವು ಇಂತಹ ವಾಹನಗಳೇ. ಮನೆಯೊಳಗೆ ಕಳ್ಳನಿರುವುದನ್ನು ಕಣ್ಣಾರೆ ಕಂಡವರ ಕರೆಗೂ, ಎಲ್ಲೋ ಸೈರನ್ ಕೂಗುತ್ತಿದೆ ಎಂಬ ಕರೆಗೂ ತೂಕದಲ್ಲಿ ವ್ಯತ್ಯಾಸವಿದೆ. ಕರೆ ಮಾಡುವವರು ಕಂಡದ್ದನ್ನು ಸ್ಪಷ್ಟವಾಗಿ ಹೇಳಬೇಕು: ಮನೆಯ ಸಂಖ್ಯೆ, ಅಡ್ಡರಸ್ತೆ, ಬಡಾವಣೆ, ಹತ್ತಿರದ ಗುರುತು; ಬಾಗಿಲು ಮುರಿದಿದೆಯೇ, ಒಳಗೆ ಮನೆಯವರಿದ್ದಾರೆಯೇ, ಎಷ್ಟು ಜನ ಕಂಡರು, ಬೀಗದ ಕೈ ಯಾರಲ್ಲಿದೆ. ಈ ವಿವರಗಳನ್ನು ಬರೆದ ಚೀಟಿಯನ್ನು ನೆರೆಯವರ ಕೈಗೆ ಕೊಟ್ಟಿದ್ದರೆ ಗಾಬರಿಯ ಹೊತ್ತಿನಲ್ಲಿ ಅದು ಬಹಳ ಉಪಕಾರಿ.

ಅರಿಯದೆ ಆದ ಹುಸಿ ಕೂಗಿನಿಂದಾಗಿ ಪೊಲೀಸರಿಗೆ ಕರೆ ಮಾಡಿದರೆ ಅದು ಅಪರಾಧವಲ್ಲ. ಸುಳ್ಳೆಂದು ತಿಳಿದೂ ತಿಳಿದೂ ಮಾಹಿತಿ ಕೊಡುವುದು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಡಿ ಅಪರಾಧ.

ಹಲವು ದಿನ ಊರಿಗೆ ಹೋಗುವವರು ಠಾಣೆಗೆ ಮುಂಚಿತವಾಗಿ ತಿಳಿಸಿದರೆ ಗಸ್ತಿನ ಸಿಬ್ಬಂದಿ ಆ ಮನೆಯತ್ತ ಕಣ್ಣಿಡಲು ಅನುಕೂಲವಾಗುತ್ತದೆ. ಬಾಗಿಲ ಮುಂದೆ ರಾಶಿ ಬಿದ್ದ ಪತ್ರಿಕೆಗಳು, ದಿನಗಟ್ಟಲೆ ರಂಗೋಲಿ ಕಾಣದ ಅಂಗಳ, ಹೊರಗೆ ನೇತಾಡುವ ದೊಡ್ಡ ಬೀಗ ಇವು ಖಾಲಿ ಮನೆಯ ಸುಳಿವನ್ನು ಕಳ್ಳನಿಗೆ ತಾವಾಗಿಯೇ ಕೊಡುತ್ತವೆ ಎಂಬುದನ್ನೂ ಮರೆಯಬಾರದು.

ಪರದೇಶದಲ್ಲಿರುವ ಮಕ್ಕಳಿಗೆ

ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ವೃದ್ಧ ತಂದೆತಾಯಿಗಳು ಮಾತ್ರ ಇರುವ ಮನೆಗಳು ಅನೇಕ. ಮಕ್ಕಳು ಹೊರದೇಶದಲ್ಲಿ ಕುಳಿತು ಮೊಬೈಲಿನಲ್ಲಿಯೇ ಮನೆ ಕಾಯುವ ಏರ್ಪಾಡು ಮಾಡಿಕೊಂಡಿರುತ್ತಾರೆ. ಇವರು ತಿಳಿಯಬೇಕಾದ ಸಂಗತಿಯೊಂದಿದೆ. ಹೊರದೇಶದಿಂದ 112 ಒತ್ತಿದರೆ ಕರೆ ಕರ್ನಾಟಕದ ಪೊಲೀಸರಿಗೆ ಬರುವುದಿಲ್ಲ; ಅದು ಆ ದೇಶದ ತುರ್ತು ಸೇವೆಗೆ ಹೋಗಬಹುದು. ಆದ್ದರಿಂದ ಸಂಬಂಧಪಟ್ಟ ಠಾಣೆಯ ಮತ್ತು ಇಬ್ಬರು ನೆರೆಯವರ ಪೂರ್ಣ ದೂರವಾಣಿ ಸಂಖ್ಯೆಗಳನ್ನು ಭಾರತದ ಸಂಕೇತವಾದ 91ರೊಂದಿಗೆ ಮೊದಲೇ ಬರೆದಿಟ್ಟುಕೊಂಡು, ಒಮ್ಮೆ ಕರೆ ಮಾಡಿ ಪರೀಕ್ಷಿಸಿರಬೇಕು.

ಮನೆಯವರು ಒಳಗಿರುವಾಗ ಗಂಟೆ ಕೂಗಿದರೆ ಕಳ್ಳನನ್ನು ಹುಡುಕಿ ಹೋಗುವುದು ಅಪಾಯಕರ. ಗಟ್ಟಿ ಬಾಗಿಲಿನ ಕೋಣೆಯೊಂದರಲ್ಲಿ ಎಲ್ಲರೂ ಸೇರಿ, ಒಳಗಿನಿಂದ ಚಿಲಕ ಹಾಕಿ, 112ಕ್ಕೆ ಕರೆ ಮಾಡಬೇಕು. ಹಿರಿಯರ ಹಾಸಿಗೆಯ ಬಳಿ ತುರ್ತು ಗುಂಡಿಯೊಂದನ್ನು ಕೂರಿಸುವುದು ಒಳ್ಳೆಯದು. ಕಾನೂನು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆಯಾದರೂ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕನ್ನು ಕೊಟ್ಟಿಲ್ಲ. ಕಿಟಕಿ, ಬೇಲಿಗಳಿಗೆ ಮನೆಯ ವಿದ್ಯುತ್ ಹರಿಸುವುದಂತೂ ಪ್ರಾಣಘಾತುಕ. ಅದಕ್ಕೆ ನೆರೆಮನೆಯ ಮಗುವೂ ಬಲಿಯಾಗಬಹುದು.

ಕಳವಾದ ಮೇಲೆ

ಕಳವು ನಡೆದದ್ದು ತಿಳಿದಾಗ ಒಡೆದ ಬೀಗ, ಕಪಾಟು, ಕಿಟಕಿಗಳನ್ನು ಮುಟ್ಟದೆ ಪೊಲೀಸರಿಗಾಗಿ ಕಾಯಬೇಕು. ಬೆರಳಚ್ಚು ಉಳಿಯುವುದು ಇದರಿಂದಲೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ದೂರನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ.

ಕ್ಯಾಮೆರಾದ ದೃಶ್ಯಗಳು ಮನೆಯೊಳಗಿನ ಡಿ.ವಿ.ಆರ್. ಪೆಟ್ಟಿಗೆಯಲ್ಲಿ ಮಾತ್ರ ಇದ್ದರೆ ಕಳ್ಳರು ಆ ಪೆಟ್ಟಿಗೆಯನ್ನೇ ಹೊತ್ತೊಯ್ಯುವುದುಂಟು. ಅದನ್ನು ಕಣ್ಣಿಗೆ ಬೀಳದೆಡೆ ಬೀಗದೊಳಗಿಟ್ಟು, ದೃಶ್ಯಗಳ ಪ್ರತಿ ಹೊರಗೆಲ್ಲಾದರೂ ಉಳಿಯುವಂತೆ ಮಾಡಬೇಕು. ಒಡವೆಗಳ ಚಿತ್ರ, ತೂಕ, ರಸೀದಿಗಳನ್ನು ಬೇರೆಡೆ ಇಟ್ಟಿದ್ದರೆ ಮಾಲು ಪತ್ತೆಯಾದಾಗ ತಮ್ಮದೆಂದು ತೋರಿಸುವುದು ಸುಲಭ.

ವಿಮೆಯ ಬಗೆಗೂ ಒಂದು ಮಾತು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಮೂಲತಃ ಬೆಂಕಿ, ನೆರೆ ಮುಂತಾದ ಅನಾಹುತಗಳಿಗೆ ಸಂಬಂಧಿಸಿದ್ದು. ಅಂತಹ ಅನಾಹುತದ ಕಾರಣದಿಂದ ಏಳು ದಿನಗಳೊಳಗೆ ಆದ ಕಳವಿಗಷ್ಟೇ ಅದರಲ್ಲಿ ಪರಿಹಾರವಿದೆ. ಕನ್ನಗಳವಿಗೆ ಪ್ರತ್ಯೇಕ ರಕ್ಷಣೆ ಪಡೆಯಬೇಕು.

ಕೊನೆಯ ಮಾತು

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಂತಾಗದಿರಲು ಗಂಟೆಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಬಾಗಿಲೊಂದನ್ನು ತೆರೆದು ಕೂಗಿಸಿ, ಸುದ್ದಿ ಯಾರಿಗೆ ಬಂತು, ಎಷ್ಟು ಹೊತ್ತಿಗೆ ಬಂತು, ಅವರು ಏನು ಮಾಡಿದರು ಎಂಬುದನ್ನು ನೋಡಬೇಕು. ಪರೀಕ್ಷೆಯ ವಿಷಯವನ್ನು ನೆರೆಯವರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ನೆರೆಯವರಲ್ಲಿ ಒಬ್ಬರಾದರೂ ಹೊರಗೆ ಬಂದು ನೋಡಿ 112ಕ್ಕೆ ಕರೆ ಮಾಡುವವರಿದ್ದರೆ ಸಾಧಾರಣ ಬೆಲೆಯ ಗಂಟೆಯೂ ಮನೆಯನ್ನು ಕಾಯುತ್ತದೆ. ಅಂಥವರು ಯಾರೂ ಇಲ್ಲದಿದ್ದರೆ ಎಷ್ಟೇ ದುಬಾರಿಯ ಗಂಟೆಯೂ ಖಾಲಿ ಬೀದಿಯಲ್ಲಿ ಕೂಗಿ ಸುಮ್ಮನಾಗುತ್ತದೆ.